ತಪ್ಪು ಹಾಡನ್ನು ಅಳಿಸಿದ್ದೇಕೆ?

ಜನಪದ ಹಾಡುಗಳ ಡಿಜಿಟಲ್ ಸಂಗ್ರಹ ಯೋಜನೆಯ ಮಾನ್ಯ ನಿರ್ದೇಶಕರೇ,

ವಾಟ್ಸಾಪಿನಲ್ಲಿ ಸಂಶೋಧನೆ ಮಾಡುವುದನ್ನು ಇಡೀ ಜಗತ್ತಿಗೆ ಕಲಿಸಿಕೊಟ್ಟವನು ಏಳನೇ ಕ್ಲಾಸಿನವರೆಗೆ ಓದಿದ ಈ ಪಾಲಣ್ಣ. ಅಂಥ ನಾನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನವರನ್ನು ಕಲೆಹಾಕಿ, ತಾವೇ ತೆರೆದ ಗುಂಪಿನಲ್ಲಿ ಕೂಡಿಟ್ಟಿದ್ದ ಸಾವಿರ ಹಾಡುಗಳನ್ನು ತಮ್ಮ ಕಚೇರಿ ಅಳಿಸಿ ಕೂತಿದೆ. ಕಾರಣ? "ತಪ್ಪು ಪಾಠಗಳು ಹಾಗೂ ಅನಗತ್ಯ ಹರಟೆ." ಗುಂಪಿಗೆ ಬೀಗ ಜಡಿದು, ಇನ್ನು ಮುಂದೆ ಸರಿಯಾದ ಹಾಡನ್ನು ಮಾತ್ರ ವೆಬ್‌ಸೈಟಿಗೆ ಏರಿಸಬೇಕೆಂದು ಅಪ್ಪಣೆ ಬೇರೆ ದಯಪಾಲಿಸಿದ್ದೀರಿ. ಹರಟದೆ ಸರಿ ಯಾವುದೆಂದು ಗೊತ್ತಾಗೋದು ಹೆಂಗೆ ಸ್ವಾಮಿ?

ನಮ್ಮ ಕಡೆ ಅಜ್ಜಿಯರ ಮುಂದೆ ಫೋನು ಹಿಡಿದು ಹಾಡಮ್ಮ ಅಂದರೆ "ನಂಗೇನು ಬರ್ತತಪ್ಪಾ" ಎಂದು ಸೆರಗು ಬಾಯಿಗಿಡುತ್ತಾರೆ. ಅವರೆದುರು ಯಾರಾದರೂ ತಪ್ಪು ಹಾಡಲಿ, ಸುಮ್ಮನಿರಲಾರರು! ಈ ಗುಟ್ಟು ಬಲ್ಲ ನಾನು ಬೀಸೋಕಲ್ಲಿನ ಪದವೊಂದನ್ನು ಬೇಕಂತಲೇ ಕೆಡಿಸಿ, ಕತ್ತೆಯೂ ನಾಚುವ ರಾಗದಲ್ಲಿ ಗುಂಪಿಗೆ ಬಿಟ್ಟೆ. ಮೊದಲು ಎಗರಿದವನು ಹೊನ್ನಾಳಿಯ ಮೈಲಾರಿ: "ಏ ಮಾವ, ಮದುಮಗಳನ್ನ ತವರಲ್ಲೇ ಬಿಟ್ಟು ದಿಬ್ಬಣ ಹೊಂಡಿಸಿಬಿಟ್ಯಲ್ಲ!" ನ್ಯಾಮತಿಯ ಅಂಬಿಕಾ, "ದೊಡ್ಡಪ್ಪಾ, ಅಲ್ಲಿ ನಡುವೆ ಇನ್ನೊಂದು ನುಡಿ ಐತ್ರೀ, ನಮ್ಮತ್ತೆಗೆ ಅರ್ಧ ಬರ್ತತಿ" ಅಂದಳು. ಹೀಗೆ ಕಿತ್ತಾಡುತ್ತಿರುವಾಗ, ವರ್ಷದಿಂದ ಬಾಯಿಬಿಡದ ಜಗಳೂರಿನ ಕರಿಬಸಮ್ಮ ಸೊಸೆಯ ಫೋನು ಕಸಿದುಕೊಂಡು ಗುಡುಗಿದರು: "ಥೂ ನಿನ್ನ! ಹಂಗಲ್ಲ ಕಣೋ, ಕೇಳಿಲ್ಲಿ." ಕೇಳಿದೆವು. ಬೀಸೋಕಲ್ಲೇ ನಿಂತು ಆಲಿಸುವಂಥ ನುಡಿ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತಮ್ಮವರು ನನ್ನದನ್ನು ತಪ್ಪೆಂದು ಅಳಿಸಿದರು, ಒಪ್ಪೋಣ. "ಥೂ" ಎಂದು ಶುರುವಾಯಿತೆಂದು ಕರಿಬಸಮ್ಮನದನ್ನೂ ಹರಟೆಯ ಲೆಕ್ಕಕ್ಕೆ ಹಾಕಿದರಲ್ಲ, ಮುಂದಕ್ಕೆ ಕೇಳಾಕೆ ಪುರುಸೊತ್ತಿರಲಿಲ್ಲವೇ? ಮತ್ತೊಮ್ಮೆ ಹಾಡಿ ಎಂದು ಬಸ್ಸು ಹತ್ತಿ ಜಗಳೂರಿಗೆ ಹೋಗಿ ಆಯಮ್ಮನಿಗೆ ಕೈಮುಗಿದೆ. "ಹರಟೆ ಅಂದ್ರಂತಲ್ಲ. ಹರಟೆ ಅವರಿಗ್ಯಾಕಪ್ಪಾ?" ಎಂದು ಮೊರದಲ್ಲಿನ ಜೋಳ ಹಸನು ಮಾಡುತ್ತಾ ಕೂತರು. ಅಂಗಳದಲ್ಲೇ ನಿಂತು ಅದೇ ಪದವನ್ನು ತಪ್ಪುತಪ್ಪಾಗಿ ಹಾಡಿದೆ. ಅಜ್ಜಿ ತಲೆ ಎತ್ತಲಿಲ್ಲ.

ಅಳಿಸುವ ಮುಂಚೆ ಎಲ್ಲದರ ನಕಲು ತೆಗೆದಿಟ್ಟಿದ್ದೇವೆಂದು ತಮ್ಮ ಕಚೇರಿಯೇ ಹೇಳಿದೆ. ಹಂಗಿದ್ದರೆ ತಪ್ಪು, ಜಗಳ, ಬೈಗುಳ ಸಮೇತ, ಬಂದ ಸರದಿಯಲ್ಲೇ ವಾಪಸು ಹಾಕಿ. ಗುಂಪಿನ ಬೀಗ ತೆಗೆಯಿರಿ. ಆ ನುಡಿಯ ನಕಲನ್ನು ಜಗಳೂರಿಗೆ ಒಯ್ದು ಕರಿಬಸಮ್ಮನ ಮುಂದೆ ಕೂತು ತಾವೇ ಕೇಳಿ, ಕೊನೆಯವರೆಗೂ.

ಇನ್ನು ಆ ಸಾವಿರದ ಮಾತು. ಅಷ್ಟಿರಲಿಲ್ಲ. ಹೋದದ್ದು ಹನ್ನೆರಡು. ಅದರಲ್ಲಿ ಹನ್ನೊಂದು ನಾನೇ ಕೆಡಿಸಿ ಹಾಡಿದ್ದವು. ಕಳಕೊಂಡಿದ್ದು ಒಂದೇ.

ಇಂತಿ,
ಎಷ್ಟು ಕೆಟ್ಟದಾಗಿ ಹಾಡಿದರೂ ಈಗ ಬೈಯುವವರಿಲ್ಲದ
ಕತ್ತಲಗೆರೆಯ ಪಾಲಣ್ಣ