ದ್ವೀಪದ ಮದುವೆಗೆ ಹೋಗುವವರಿಗೆ

ಉಮ್ಮತ್ತೂರು
21-8-2025, ಗುರುವಾರ

ಗುಂಡ್ಲುಪೇಟೆಯಲ್ಲಿರುವ ನನ್ನ ತಮ್ಮ ಚಿರಂಜೀವಿ ಕನಕರಾಜುವಿಗೆ ಅಕ್ಕ ಸಣ್ಣತಾಯಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪ? ಮಗ ಶಂಕರನಿಗೆ ಜ್ವರ ಬಿಟ್ಟಿತೆ? ಸೊಸೆ ಭಾನುವಿನ ಬೆನ್ನುನೋವು ಹೇಗಿದೆ? ಬಾಣಂತನದಲ್ಲಿ ನೀರು ಹೊರಬೇಡ ಎಂದು ಅವಳಿಗೆ ಹೇಳು. ಕೂಸು ಮಗ್ಗುಲಾಯಿತೆ? ಇಲ್ಲಿ ನಿನ್ನ ಭಾವನವರ ಕೆಮ್ಮು ಹಗಲು ಸುಮ್ಮನಿದ್ದು ಮಲಗಿದ ಮೇಲೆ ಶುರುವಾಗುತ್ತದೆ. ಉಳಿದಂತೆ ಕ್ಷೇಮ.

ಭಾನುವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ಬಸ್ಸಿನ ಕಂಡಕ್ಟರ್ ಶಿವಮಲ್ಲು ಕೈಯಲ್ಲಿ ಕಳಿಸುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿ ಹರಿ.

ನಿನ್ನ ಮಗಳು ಶಿವರಂಜಿನಿ ಆ ಗ್ರೀಸ್ ದೇಶದ ದ್ವೀಪದಿಂದ ನನಗೊಂದು ಕೆಲಸ ಒಪ್ಪಿಸಿದ್ದಳು. ತನ್ನ ಮದುವೆಗೆ ಬೇಕಾದ ಅಲ್ಲಿನ ರೀತಿ ರಿವಾಜನ್ನೆಲ್ಲ ಫೋನಿನಲ್ಲಿ ಹೇಳಿ, ಅಪ್ಪ ಅಮ್ಮನಿಗೆ ಅರ್ಥವಾಗುವ ಹಾಗೆ ನೀನೇ ಬರೆದುಕೊಡತ್ತೆ ಎಂದಿದ್ದಳು. ನನ್ನ ಮಂಡಿ ಹಡಗು ಹತ್ತುವಂಥದ್ದಲ್ಲ. ಆದರೂ ಹೋಗಿಬಂದವಳ ಹಾಗೆ ಬರೆಯುತ್ತೇನೆ.

ಅಥೆನ್ಸಿನಲ್ಲಿ ಇಳಿದ ಮೇಲೆ ಅವಳೇ ಬಂದು ಕರೆದೊಯ್ಯುತ್ತಾಳೆ. ಹಡಗಿನ ಮಾಳಿಗೆ ಮೇಲೆ ನಿಲ್ಲಬೇಡ, ಆ ಗಾಳಿಗೆ ಪಂಚೆ ನಿಲ್ಲುವುದಿಲ್ಲವಂತೆ, ಪ್ಯಾಂಟು ಹಾಕಿಕೊ. ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಡಬೇಡ. ನೀವು ಬಿಟ್ಟೇ ಬಿಡುತ್ತೀರೆಂದು ಅವಳಿಗೆ ಗೊತ್ತು. ಅಲ್ಲಿ ಯಾರೂ ಬಿಡುವುದಿಲ್ಲ, ಕಾಲಿಗೆ ಹಾಕಿಕೊಂಡೇ ಒಳಗೆ ಹೋಗಬೇಕು. ಊಟಕ್ಕೆ ಕೂತಾಗ ತಟ್ಟೆ ಬರಿದು ಮಾಡಿದರೆ ಮತ್ತೆ ತುಂಬುತ್ತಾರೆ, ಒಂದು ತುತ್ತು ಉಳಿಸು. ಅವರು ತಲೆಯನ್ನು ಮೇಲಕ್ಕೆ ಎತ್ತಿದರೆ ಇಲ್ಲ ಎಂದು ಅರ್ಥ. ಗಂಡು ಹೆಣ್ಣಿನ ತಲೆಗೆ ಹೂವಿನ ಬಳೆಯಂಥದ್ದು ಇಟ್ಟು ಎರಡನ್ನೂ ಒಂದೇ ರಿಬ್ಬನ್ನಿನಲ್ಲಿ ಸೇರಿಸುತ್ತಾರೆ. ನಮ್ಮ ಬಾಸಿಂಗವೆಂದೇ ತಿಳಿದುಕೊ.

ಇನ್ನು ಭಾನುವಾರದ ಮಾತು.

ನಿನ್ನ ಮನೆಯ ಪಡಸಾಲೆಯಲ್ಲಿ ನಾನೂ ಕೂತಿದ್ದೆನಲ್ಲ. ಮಗು ರಂಜಿನಿ ಮದುವೆಯ ಬಿಳಿ ಬಟ್ಟೆ ತೊಟ್ಟು ಫೋನಿನಲ್ಲಿ ಕಾಣಿಸಿಕೊಂಡಳು. ಗಂಡಿನ ಅಜ್ಜಿ ಬಂದು ಅವಳ ಗಲ್ಲ ಹಿಡಿದಳು, ಎಲ್ಲರೆದುರಿಗೆ ಮುಖಕ್ಕೆ ತೂ ತೂ ತೂ ಎಂದು ಉಗಿದಳು. ನನ್ನ ಎದೆಯೂ ಧಸಕ್ಕೆಂದಿತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ದಾಯಾದಿ ಹುಚ್ಚಯ್ಯ, "ಏನ್ಲಾ ಕನಕ, ಮದ್ವೆಗ್ ಮುಂಚೇನೆ ಮೊಕುಕ್ ಉಗೀತಾವ್ರಲ್ಲ, ನಿನ್ ಬೀಗ್ರು ಊಟುಕ್ ಕರ್ದು ಇನ್ನೇನ್ ಮಾಡಾರ್ಲಾ?" ಎಂದು ನಕ್ಕ. ನೀನು ಫೋನ್ ಕಿತ್ತುಕೊಂಡು ಆರಿಸಿಬಿಟ್ಟೆ. "ನನ್ ಮಗಳ ಮೊಕುಕ್ ಉಗ್ಯೋರ ಬಾಗ್ಲುಗ್ ನಾ ಕಾಲಿಕ್ಕಕಿಲ್ಲ, ಓಗಲ್ಲ ಅಂದ್ರೆ ಓಗಲ್ಲ" ಎಂದೆ.

ಮಾರನೆಯ ದಿನ ನಾನು ಮಗುವನ್ನು ಕೇಳಿದೆ. ಅಳುತ್ತಲೇ ನಕ್ಕಳು. "ಅತ್ತೆ, ನಾನ್ ಬಾಳ ಚೆಂದಾಗ್ ಕಾಣ್ತಿದ್ನಂತೆ. ತನ್ ಕಣ್ಣೇ ಎಲ್ಲಿ ಬಿದ್ಬುಡ್ತದೋ ಅಂತ ಅಜ್ಜಿ ಎದುರ್ಕೊಂಡ್ಲು ಕಣತ್ತೆ" ಎಂದಳು. ಅದು ಅವರ ದೃಷ್ಟಿ ತೆಗೆಯುವ ಕ್ರಮ. ಎಂಜಲು ಬೀಳುವುದಿಲ್ಲ, ಬರೀ ಸದ್ದು. ನಾವು ಉಪ್ಪು ಮೆಣಸಿನಕಾಯಿ ನಿವಾಳಿಸಿ ಮಗುವಿನ ಕೈಲಿ ಮೂರು ಸಲ ಉಗಿಸಿ ಒಲೆಗೆ ಹಾಕುತ್ತೇವೆ. ಅವರಲ್ಲಿ ದೊಡ್ಡವರೇ ಉಗಿಯುತ್ತಾರೆ, ಅಷ್ಟೇ ವ್ಯತ್ಯಾಸ. ಇದನ್ನು ನಿನಗೆ ಹೇಳಲು ನಾನು ಮಾಡಿದ ಫೋನನ್ನು ನೀನು ಎತ್ತಲಿಲ್ಲ. ಶಂಕರನ ಕೈಲಿ ಹೇಳಿಸಿದೆ. ಗೊತ್ತಾದ ಮೇಲೂ ನೀನು ಹೋಗುವುದಿಲ್ಲ ಎಂದೆಯಂತೆ.

ಅಂದರೆ ನಿನ್ನ ಸಿಟ್ಟು ಆ ಮುದುಕಿಯ ಮೇಲಲ್ಲ. ಹುಚ್ಚಯ್ಯ ನಕ್ಕದ್ದರ ಮೇಲೆ. ಕೇರಳದಿಂದ ಓಣಂ ವ್ಯಾಪಾರಿಗಳು ಬರುತ್ತಾರೆ, ಚೆಂಡುಹೂವಿನ ಕೊಯ್ಲಿದೆ ಎಂದು ಈಗ ಊರಿಗೆಲ್ಲ ಹೇಳುತ್ತಿದ್ದೀಯಂತೆ. ಕೊಯ್ಲು ನೋಡಿಕೊಳ್ಳಲೆಂದೇ ಶಂಕರ ಉಳಿದಿರುವುದು. ಹುಚ್ಚಯ್ಯನ ಹಲ್ಲು ನೋಡಿಕೊಂಡು ಮಗಳ ಮದುವೆ ಬಿಡುತ್ತೀಯಾ? ನಾಳೆ ಅವನು ನಗಲಿಕ್ಕೆ ಬೇರೆ ಮನೆ ಹುಡುಕಿಕೊಳ್ಳುತ್ತಾನೆ. ನಿನ್ನ ಮಗಳು ಇನ್ನೊಂದು ಸಲ ಮದುವೆಯಾಗುವುದಿಲ್ಲ.

ಕೊನೆಯ ಕ್ರಮವನ್ನು ಕೇಳು, ಇದನ್ನು ಬರೆಯಲೆಂದೇ ಕೂತೆ. ಗಂಡು ಚರ್ಚಿನ ಬಾಗಿಲಲ್ಲಿ ಹೂ ಹಿಡಿದು ಕಾಯುತ್ತಾನೆ. ಹೆಣ್ಣಿನ ತಂದೆ ಅವಳ ಕೈಹಿಡಿದು ಮನೆಯಿಂದ ಬೀದಿಯುದ್ದಕ್ಕೂ ನಡೆಸಿಕೊಂಡು ಬರಬೇಕು. ಮುಂದೆ ಪಿಟೀಲಿನವರು, ಹಿಂದೆ ನೆಂಟರು. ಬಾಗಿಲಲ್ಲಿ ಕೈಯನ್ನು ಒಪ್ಪಿಸಬೇಕು. ತಂದೆ ಇಲ್ಲದವಳಿಗೆ ಅಣ್ಣನೋ ಮಾವನೋ ಬರುತ್ತಾರೆ. ಗಂಡಿನ ಚಿಕ್ಕಪ್ಪ ತಾನು ಬರುತ್ತೇನೆ ಎಂದನಂತೆ. ರಂಜಿನಿ ಒಪ್ಪಲಿಲ್ಲ. "ನಮ್ಮಪ್ಪ ಬದುಕವ್ನೆ, ಬ್ಯಾರೆಯೋರ ಕೈ ಯಾಕ್ ಇಡೀಲಿ? ಬರ್ದಿದ್ರೆ ಒಬ್ಳೇ ನಡೀತೀನಿ" ಎಂದಳಂತೆ. ಆ ಬೀದಿಯ ಎರಡೂ ಕಡೆ ಊರೆಲ್ಲ ನಿಂತು ನೋಡುತ್ತದಂತೆ, ಕನಕ.

ಗಣೇಶನ ಹಬ್ಬದ ಮಾರನೆಯ ದಿನ ವಿಮಾನ. ಬುಧವಾರ ಹಬ್ಬ ಮುಗಿಸಿ ಸಂಜೆಯೇ ಬೆಂಗಳೂರಿಗೆ ಹೊರಡಬೇಕು. ಬುದ್ಧಿ ಹೇಳಿದ್ದು ಹೆಚ್ಚಾಗಿದ್ದರೆ ಅಕ್ಕನೆಂದು ಹೊಟ್ಟೆಗೆ ಹಾಕಿಕೊ.

ಇಂತಿ ನಿನ್ನ ಅಕ್ಕ,
ಸಣ್ಣತಾಯಮ್ಮ

ಮ.ಬ.: ಬರೆಯಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ, ಆದರೂ ಬರೆಯುತ್ತೇನೆ. ನಿನ್ನ ಹೆಂಡತಿ ಶಿವಮ್ಮ ನಿನಗೆ ಹೇಳಿದ ಹಾಗೆ ತೌರಿಗೆ ಹೋಗಿಲ್ಲ. ಮಂಗಳವಾರದಿಂದ ನನ್ನ ಮನೆಯಲ್ಲಿದ್ದಾಳೆ, ಅವಳ ಪೆಟ್ಟಿಗೆ, ಪಾಸ್‌ಪೋರ್ಟ್ ಎರಡೂ ಇಲ್ಲಿವೆ. ಮೈಸೂರಿನಾಚೆ ಒಬ್ಬಳೇ ಬಸ್ಸು ಹತ್ತದವಳು, ನೀನು ಬಾರದಿದ್ದರೂ ವಿಮಾನ ಹತ್ತುತ್ತಾಳಂತೆ. ಮಗಳ ಕೈಹಿಡಿದು ಬೀದಿಯಲ್ಲಿ ತಾನೇ ನಡೆಸುತ್ತಾಳಂತೆ. ಅದು ಗಂಡಸರು ಮಾಡುವುದಂತೆ ಕಣಮ್ಮ ಎಂದು ನಾನು ತಡೆದೆ. "ಧಾರೆಲಿ ಹಾಲ್ ಹುಯ್ಯೋಳ್ ನಾನಲ್ವಾ ಅತ್ಗೆ? ಹುಯ್ಯೋ ಕೈ ಮಗಳ ಕೈ ಇಡ್ಕೊಂಡೂ ನಡೀತದೆ ಬುಡಿ" ಎಂದಳು. ನಾಳೆ ಸಂಜೆಯ ಬಸ್ಸಿಗೆ ಶಿವಮಲ್ಲು ಹಿಂದಿರುಗುತ್ತಾನೆ, ಅಷ್ಟರೊಳಗೆ ಉತ್ತರ ಬರೆದುಕೊಡು. ಎರಡೇ ಸಾಲು ಸಾಕು. ನನಗಲ್ಲ, ಅವಳ ಹೆಸರಿಗೆ ಬರೆ.