ಎಡಚಿಯ ಲೇತ್

ಮಾರ್ಚ್ 4, ಸಂಜೆ ಆರೂವರೆ

ಈಗಷ್ಟೇ ಶೆಡ್ಡಿಗೆ ಬೀಗ ಹಾಕಿ ಬಂದೆ. ದಿನವಿಡೀ ಮರದ ಬಾತುಕೋಳಿಗಳಿಗೆ ಕಣ್ಣು ಬರೆದದ್ದು. ಹಳದಿ ಒಣಗುವ ಮೊದಲೇ ಕಪ್ಪು ಇಟ್ಟುಬಿಟ್ಟೆ. ಎರಡು ಬಾತು ಅತ್ತ ಹಾಗೆ ಕಾಣುತ್ತವೆ. ಚಿನಕುರುಳಿ ನೋಡಿ ನಕ್ಕಳು.

ಆ ಹುಡುಗಿಗೆ ಹೆಸರಿಟ್ಟದ್ದು ನನ್ನವಳೇ. ಬಾಯಿ ಹಾಗಿದೆ. ಕೈ ಅದಕ್ಕಿಂತ ಚುರುಕು. ಇವತ್ತು ಗಿಲಕಿಯ ಹೊಟ್ಟೆ ಕೊರೆದಳು. ಲೇತಿನಲ್ಲಿ ಮರ ಗಿರ್ರನೆ ತಿರುಗುತ್ತಿರುವಾಗ ಉಳಿಯನ್ನು ಒಳಗೆ ಬಿಟ್ಟು, ಗೋಡೆ ತೆಳ್ಳಗೆ ಉಳಿಸಬೇಕು. ಕೊಂಚ ಒತ್ತಿದರೂ ಒಡೆಯುತ್ತದೆ. ಒಡೆಯಲಿಲ್ಲ. ನನ್ನವಳು ನಿಲ್ಲುತ್ತಿದ್ದ ಹಾಗೆಯೇ ನಿಲ್ಲುತ್ತಾಳೆ — ಉಳಿಯ ಹಿಡಿ ಸೊಂಟಕ್ಕೆ ಒತ್ತಿ, ಮೈಯನ್ನೇ ತಿರುಗಿಸಿ. ನಾನು ಆ ಕಡೆ ಹೆಚ್ಚು ನೋಡುವುದಿಲ್ಲ. ಸದ್ದು ಕೇಳುತ್ತದೆ. ಸದ್ದು ಅದೇ.

ಲೇತ್ ನನ್ನವಳದು. ಬಿಡಿಭಾಗ ತಂದು ತಾನೇ ಜೋಡಿಸಿದ್ದು. ಕಲಿಯಲು ಬಂದ ಮಕ್ಕಳೆಲ್ಲ ಅವಳನ್ನು ಅಕ್ಕ ಅಂದರು. ಹಾಗಾಗಿ ಬಣ್ಣ ಹಚ್ಚುವ ನಾನು ಊರಿಗೆಲ್ಲ ಬಾವ. ಅಕ್ಕ ಹೋಗಿ ಒಂದು ಮಳೆಗಾಲ ಕಳೆಯಿತು. ಬಾವ ಉಳಿದಿದ್ದಾನೆ.

ಕಲಿಯಲು ಮಕ್ಕಳನ್ನು ಕಳಿಸುವ ಸಂಸ್ಥೆಯ ಮೇಡಂ ಬಂದಿದ್ದರು. ಆಟಿಕೆ ಕಾರ್ಖಾನೆಯವರು ಪರೀಕ್ಷೆ ಮಾಡಿ ಕೆಲಸಕ್ಕೆ ತೆಗೆದುಕೊಳ್ಳುತ್ತಾರಂತೆ. ಗಿಲಕಿ ಮಾಡಿ ತೋರಿಸಬೇಕು. ಹುಡುಗಿಯರಿಗೆ ಇರಲು ಕೋಣೆಯನ್ನೂ ಕೊಡುತ್ತಾರೆ. ಚಿನಕುರುಳಿಗೆ ಬೇಕಾದದ್ದು ಅದೇ. ಹಿಂದೆ ಮುಂದೆ ಯಾರೂ ಇಲ್ಲ. ವಯಸ್ಸು ಮೀರಿತೆಂದು ಈ ತಿಂಗಳ ಕೊನೆಗೆ ಸಂಸ್ಥೆಯ ಹಾಸ್ಟೆಲ್ ಬಿಡಬೇಕು.

ಮಾರ್ಚ್ 10, ಸಂಜೆ

ಆಗಲಿಲ್ಲ.

ಕಾರ್ಖಾನೆಯ ಲೇತುಗಳೆಲ್ಲ ಒಂದೇ ಸಾಲು, ಮೋಟಾರ್ ಎಡಗಡೆಗೆ. ಚಿನಕುರುಳಿ ಉಳಿ ಹಿಡಿದು ನಿಂತಳು. ನಿಂತೇ ಇದ್ದಳು... ಹಿಡಿ ಎಡಗೈಯಲ್ಲಿ, ಎಡ ಸೊಂಟಕ್ಕೆ. ಕೊರೆಯಬೇಕಾದ ಬಾಯಿ ಬಲಗಡೆಗೆ. ಉಳಿ ಹೋಗಲು ದಾರಿಯೇ ಇಲ್ಲ, ಮೋಟಾರ್ ಅಡ್ಡ. ಕೈ ಬದಲಿಸಿದಳು. ಅಷ್ಟೇ, ಮೊದಲ ದಿನ ಶೆಡ್ಡಿಗೆ ಬಂದವಳ ಹಾಗಾದಳು. ಒಂದು ಒಡೆಯಿತು. ಇನ್ನೊಂದು ಹಾರಿ ಪಕ್ಕದವನ ಕಾಲಿಗೆ ಬಿತ್ತು.

ಸೂಪರ್‌ವೈಸರ್ ಬೈಯಲಿಲ್ಲ. ನೀನು ಎಡಚಿಯೇನಮ್ಮ ಎಂದು ಕೇಳಿದರು. ಇಲ್ಲವಂತೆ, ಬರೆಯುವುದು, ಉಣ್ಣುವುದು ಎಲ್ಲ ಬಲಗೈಯಲ್ಲೇ.

"ಮತ್ತೆ ಇದನ್ಯಾಕೆ ಹೀಗೆ ಕಲಿತೆ?"

ಹುಡುಗಿ ನನ್ನ ಕಡೆ ನೋಡಿದಳು. "ಅಕ್ಕ ಹೀಗೇ ಹಿಡೀತಿದ್ರು ಸಾರ್."

ನನ್ನವಳು ಎಡಚಿ. ತನ್ನ ಕೈಗೆ ಸರಿಹೋಗಲೆಂದು ಮೋಟಾರನ್ನು ಬಲಕ್ಕಿಟ್ಟು ಜೋಡಿಸಿದ್ದಳು. ನೋಡಿ ಕಲಿತವರೆಲ್ಲ ಹಾಗೇ ಕಲಿತರು. ಹಿಂದಿನವರು ಇಲ್ಲೇ ಮಾಡಿ ಸಂತೆಯಲ್ಲಿ ಮಾರಿಕೊಂಡರು, ಕಾರ್ಖಾನೆಗೆ ಹೋದವರಿಲ್ಲ. ಬೇರೆ ಕಡೆಯ ಲೇತ್ ಹೀಗಿರುವುದಿಲ್ಲವೆಂದು ಅವಳಿಗೆ ಹೊಳೆಯಲಿಲ್ಲ. ನನಗೂ. ಇಷ್ಟು ವರ್ಷ ಅವಳ ಎಡಗಡೆ ಕೂತು ಉಂಡವನು ನಾನು, ಮೊಣಕೈ ತಗಲುತ್ತದೆಂದು ಜಗಳ ತೆಗೆದವನು.

ಬಸ್ಸಿನಲ್ಲಿ ಚಿನಕುರುಳಿ ಕೇಳಿದಳು, ಬಾವ, ಈಗ ಟಿಕೆಟ್ ಯಾವ ಕೈಯಲ್ಲಿ ತಗೊಳ್ಳಲಿ ಎಂದು. ನಾನು ನಗಲಿಲ್ಲ. ನಗಬೇಕಿತ್ತು.

ಮಾರ್ಚ್ 12

ಮೇಡಂ ಕಾಡಿ ಬೇಡಿ ಇನ್ನೊಂದು ಅವಕಾಶ ತಂದಿದ್ದಾರೆ. 27ಕ್ಕೆ. ಅಭ್ಯಾಸಕ್ಕೆ ಬೇರೆ ಲೇತ್ ಎಲ್ಲಿಂದ ತರುವುದು? ಮೆಕ್ಯಾನಿಕ್ ಬಂದು ನಮ್ಮದರ ಸುತ್ತ ಒಂದು ಸುತ್ತು ಹಾಕಿದ. ತಿರುಪುಗಳ ತಲೆಗೆ ನನ್ನವಳು ಉಗುರುಬಣ್ಣದ ಗೆರೆ ಎಳೆದಿದ್ದಾಳೆ, ಸಡಿಲವಾದರೆ ಗೊತ್ತಾಗಲೆಂದು. ಒಂದೂ ಸಡಿಲವಾಗಿಲ್ಲ.

"ಮೋಟಾರ್ ಎಡಕ್ಕೆ ಹಾಕಬಹುದು. ಆದ್ರೆ ಕಾಲು ಕತ್ತರಿಸಬೇಕು, ಮರ ಹಿಡಿಯೋ ಬಾಯಿ ಬೇರೆ ಹಾಕಬೇಕು. ಆಮೇಲೆ ಮೊದಲಿನ ಹಾಗೆ ಮಾಡಿಕೊಡು ಅಂದ್ರೆ ಆಗಲ್ಲ ಬಾವ."

ನೋಡೋಣ ಅಂದೆ.

ಮಾರ್ಚ್ 13

ನೋಡೋಣ ಅಂದೆನಲ್ಲ. ಏನನ್ನು?

ಮಾರ್ಚ್ 21, ಮಧ್ಯಾಹ್ನ

ಬರೆಯಲು ಕೂತಿರಲಿಲ್ಲ. ಮೆಕ್ಯಾನಿಕ್‌ಗೆ ಹೇಳಿರಲೂ ಇಲ್ಲ.

ಚಿನಕುರುಳಿ ಒಂದು ಮಾತೂ ಕೇಳಲಿಲ್ಲ. ಇದೇ ಲೇತಿನಲ್ಲಿ ಬಲಗೈಯಲ್ಲಿ ಕೊರೆಯಲು ಹೆಣಗಿ ಬೆರಳ ಗಿಣ್ಣು ಕೆತ್ತಿಕೊಂಡಳು. ಬಟ್ಟೆ ಸುತ್ತಿಕೊಂಡು ಮತ್ತೆ ನಿಂತಳು.

ಇವತ್ತು ನಿದ್ದೆಬುರುಕ ಕೇಳಿದ. ಅಕ್ಕ ಹೋದ ಮೇಲೆ ಕಲಿಯಲು ಸೇರಿದ ಹುಡುಗ, ಅವಳ ಬಗ್ಗೆ ಕೇಳಿ ಬಲ್ಲವನಷ್ಟೇ, ಉಳಿ ಮುಟ್ಟಿದ್ದಕ್ಕಿಂತ ಮರದ ಸಿಪ್ಪೆಯ ರಾಶಿಯ ಮೇಲೆ ಮಲಗಿದ್ದೇ ಹೆಚ್ಚು. ಮಲಗಿದಲ್ಲಿಂದಲೇ ಅಂದ, "ಅಕ್ಕ ಇದ್ದಿದ್ರೆ ಅವತ್ತೇ ಸ್ಪ್ಯಾನರ್ ಹಿಡೀತಿದ್ರು, ಅಲ್ವಾ ಬಾವ?"

ಹಿಡಿಯುತ್ತಿದ್ದಳು. ನನಗೂ ಗೊತ್ತು. ಚಪ್ಪಲಿ ಮೆಟ್ಟಿ ಮೆಕ್ಯಾನಿಕ್ ಅಂಗಡಿಗೆ ಹೋದೆ. ಬೇರೆ ಕಡೆ ಕೆಲಸ ಹಿಡಿದಿದ್ದಾನೆ, ನಾಡಿದ್ದು ಬರುತ್ತಾನಂತೆ.

ಮಾರ್ಚ್ 23

ಕತ್ತರಿಸಿದ್ದಾಯಿತು. ಅಲುಗದಿರಲೆಂದು ಕಾಲು ಹಿಡಿದುಕೊಂಡವನು ನಾನೇ. ಉಗುರುಬಣ್ಣದ ತಿರುಪುಗಳು ಮೆಕ್ಯಾನಿಕ್‌ನ ಡಬ್ಬಕ್ಕೆ ಹೋದವು. ವಾಪಸ್ ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

ಮಾರ್ಚ್ 25

ಚಿನಕುರುಳಿ ಕೇಳುತ್ತಾಳೆ, ಬಾವ, ಮೊಣಕೈ ಎಲ್ಲಿಡಬೇಕು, ಕಾಲು ಯಾವುದು ಮುಂದೆ. ನನಗೇನು ಗೊತ್ತು. ನಾನು ಕಣ್ಣು ಬರೆಯುವವನು. ಒಡೆದದ್ದನ್ನು ಎತ್ತಿಡುತ್ತೇನೆ. ಹೊಸ ಮರ ಕೊಡುತ್ತೇನೆ. ನೀರು ಕೊಡುತ್ತೇನೆ.

"ಅಕ್ಕ ಹೇಳಿಕೊಟ್ಟಿದ್ದೆಲ್ಲ ಅಡ್ಡ ಬರ್ತಿದೆ ಬಾವ," ಅಂದಳು. ಅಂದಮೇಲೆ ತಪ್ಪು ಮಾಡಿದವಳ ಹಾಗೆ ಉಳಿ ಒರೆಸತೊಡಗಿದಳು.

ನಿದ್ದೆಬುರುಕನೂ ಎದ್ದು ಬಂದು ಒಂದು ಕೈ ನೋಡಿದ. ಅವನಿಗೆ ಅಡ್ಡ ಬರಲು ಏನೂ ಇಲ್ಲ. ಒರಟಾದರೂ ಒಂದು ಗಿಲಕಿ ಆಯಿತು.

ಮಾರ್ಚ್ 27, ಸಂಜೆ ಏಳು

ಕಾರ್ಖಾನೆಯಲ್ಲಿ ಚಿನಕುರುಳಿಯ ಮೊದಲ ಗಿಲಕಿ ಒಡೆಯಿತು. ಎರಡನೆಯದು ಉಳಿಯಿತು, ಆದರೆ ಗೋಡೆ ಒಂದು ಕಡೆ ದಪ್ಪ. ಅಷ್ಟರಲ್ಲಿ ಹೊತ್ತು ಮುಗಿಯಿತು. ಇನ್ನೊಂದು ವಾರ ಸಿಕ್ಕಿದ್ದರೆ ಬರುತ್ತಿತ್ತು ಅಂದರು ಸೂಪರ್‌ವೈಸರ್. ಒಂದು ವಾರ. ಅದನ್ನು ನಾನು ಇಟ್ಟುಕೊಂಡು ಕೂತಿದ್ದೆ.

ಜೊತೆಗೆಂದು ಬಂದಿದ್ದ ನಿದ್ದೆಬುರುಕನಿಗೂ ಒಂದು ಮರ ಕೊಟ್ಟರು. ನಿಧಾನಕ್ಕೆ, ದಪ್ಪಗೆ, ಆದರೆ ಎಲ್ಲ ಕಡೆ ಒಂದೇ ಸಮ ಕೊರೆದ. ಉಳಿದಿದ್ದ ಒಂದೇ ಜಾಗಕ್ಕೆ ಅವನನ್ನು ತೆಗೆದುಕೊಂಡರು.

ನಾನು ಬರಲ್ಲ, ಇವಳಿಗೆ ಕೊಡಿ ಎಂದು ಹಟ ಹಿಡಿದ. ಹಾಗೆಲ್ಲ ಆಗುವುದಿಲ್ಲ ಎಂದರು. ಚಿನಕುರುಳಿ ಅವನ ತಲೆಗೊಂದು ಮೊಟಕಿದಳು. "ಹೋಗೋ. ಅಲ್ಲಿ ಸಿಪ್ಪೆ ಮೇಲೆ ಮಲಗಿದ್ರೆ ಒದ್ದು ಎಬ್ಬಿಸ್ತಾರೆ, ಬಾವನ ಹಾಗಲ್ಲ."

ವಾಪಸ್ ಬರುವಾಗ ಕಿಟಕಿಯ ಕಡೆ ಕೂತಳು.

ಮಾರ್ಚ್ 29

ಮೇಡಂ ಹತ್ತಿರ ಹೋಗಿ ಕೇಳಿದೆ. ನಮ್ಮ ಮನೆಯಲ್ಲಿ ಒಳಕೋಣೆ ಖಾಲಿ ಇದೆ, ಅಲ್ಲಿರಲಿ, ನನಗೆ ಮಗಳ ಹಾಗೆ ಎಂದೆ. ಇಷ್ಟು ಮಾತನ್ನು ಯಾರ ಎದುರೂ ಒಟ್ಟಿಗೆ ಆಡಿದವನಲ್ಲ.

ಮೇಡಂ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಅಕ್ಕ ಇದ್ದಿದ್ರೆ ನಾನೇ ಕರ್ಕೊಂಡು ಬಂದು ಬಿಡ್ತಿದ್ದೆ. ಒಬ್ಬರೇ ಗಂಡಸಿರೋ ಮನೆಗೆ ಹೇಗೆ ಕಳಿಸಲಿ ಬಾವ? ನಿಮ್ಮ ಮೇಲೆ ಅನುಮಾನ ಅಲ್ಲ."

ತಪ್ಪು ಮಾತಲ್ಲ. ಎದ್ದು ಬಂದೆ.

ದೂರದ ಊರಿನ ಮಹಿಳಾ ಆಶ್ರಯದಲ್ಲಿ ಜಾಗ ಮಾಡಿದ್ದಾರೆ. ಅಲ್ಲಿ ಆಸ್ಪತ್ರೆಗಳ ಬಟ್ಟೆ ಒಗೆಯುವ ಕೆಲಸ. ಲೇತ್ ಇಲ್ಲ.

ಮಾರ್ಚ್ 30, ಸಂಜೆ ಆರು

ಕೊನೆಯ ದಿನ, ಬರಬೇಡ ಅಂದಿದ್ದೆ. ಬಂದಳು. ಬೆಳಗಿನಿಂದ ಲೇತ್ ಬಿಟ್ಟು ಕದಲಲಿಲ್ಲ. ನಾಲ್ಕರ ಹೊತ್ತಿಗೆ ಸದ್ದು ಬದಲಾಯಿತು. ನಾನು ಕುಂಚ ಕೆಳಗಿಟ್ಟೆ. ಈ ಸಲ ನೋಡಿದೆ. ಹಿಡಿ ಬಲ ಸೊಂಟಕ್ಕೆ, ಮೈ ತಾನಾಗಿ ತಿರುಗುತ್ತಿದೆ. ಗೋಡೆ ಎಲೆಯಷ್ಟು ತೆಳ್ಳಗೆ, ಸುತ್ತಲೂ ಒಂದೇ ಸಮ.

ಮೋಟಾರ್ ನಿಲ್ಲಿಸಿ ನನ್ನ ಅಂಗೈಗಿಟ್ಟಳು. ಇನ್ನೂ ಬಿಸಿ ಇತ್ತು.

"ಈಗ ಬಂತು ನೋಡಿ ಬಾವ."

ಬಂತು ಅಂದೆ. ಅವಳು ಸಿಪ್ಪೆ ಗುಡಿಸಿ, ಉಳಿ ಒರೆಸಿಟ್ಟು, ಚಪ್ಪಲಿ ಹಾಕಿಕೊಂಡು ಹೊರಟಳು. ತಿರುವಿನ ತನಕ ನೋಡಿದೆ.

ಹೊಸ ಬ್ಯಾಚಿನ ಮಕ್ಕಳು ನಾಳೆ ಬರುತ್ತಾರೆ. ಲೇತಿನ ಹತ್ತಿರ ನಾನೇ ನಿಲ್ಲಬೇಕಂತೆ, ಬೇರೆ ಯಾರೂ ಸಿಕ್ಕಿಲ್ಲ. ಒಂಬತ್ತಕ್ಕೆ ಬಾಗಿಲು ತೆಗೆಯಬೇಕು. ಅವಳ ಬಸ್ಸೂ ಒಂಬತ್ತಕ್ಕೇ.