ಎತ್ತಿದ ಹೆಬ್ಬೆರಳು

ಅಕ್ಟೋಬರ್ ೧೪, ಸ್ಟ್ರೋಮ್‌ನೆಸ್

ಅಪ್ಪನ ಆ ಹೆಬ್ಬೆರಳು ಕಣ್ಣೆದುರಿನಿಂದ ಹೋಗುತ್ತಿಲ್ಲ.

ಬೆಳಿಗ್ಗೆ ನಾನೂ ಅಪ್ಪನೂ ಸಮುದ್ರದ ತಳದಲ್ಲಿ ಮುಳುಗಿರುವ ಹಳೆಯ ಜರ್ಮನ್ ಯುದ್ಧನೌಕೆಗೆ ಇಳಿದಿದ್ದೆವು. ಮೂವತ್ತೈದು ಮೀಟರ್ ಆಳ, ಮೂಳೆ ಕೊರೆಯುವ ನೀರು, ಹಸಿರು ಕತ್ತಲೆ. ಮಗುಚಿ ಬಿದ್ದಿರುವ ಹಡಗಿನ ಫಿರಂಗಿಯ ಹತ್ತಿರ, ಸರಿಯಿದ್ದೀರಾ ಎಂದು ಸನ್ನೆಯಲ್ಲಿ ಕೇಳಿದೆ. ಅಪ್ಪ ಹೆಬ್ಬೆರಳೆತ್ತಿದರು. ನೀರಿನೊಳಗೆ ಅದಕ್ಕೆ ಒಂದೇ ಅರ್ಥ: ಸಾಕು, ಮೇಲೆ ಹೋಗೋಣ. ಯಾಕೆ ಎಂದು ಕೇಳುವಂತಿಲ್ಲ. ತೋಳು ಹಿಡಿದು ನಿಧಾನವಾಗಿ ಮೇಲೆ ಕರೆತಂದೆ.

ದೋಣಿ ನಡೆಸುವ ಸಿಗರ್ಡ್ ಚಹಾ ಬಗ್ಗಿಸುತ್ತ, "ಏನ್ ಮೇಷ್ಟ್ರೇ, ಇಷ್ಟ್ ಬೇಗ ಬಂದ್ಬಿಟ್ರಿ? ಜರ್ಮನ್ನರು ಒಳಗೆ ಕರೀಲಿಲ್ವಾ?" ಎಂದ.

"ಇವಳನ್ನ ಕೇಳು. ಎಲ್ಲಾ ಚೆನ್ನಾಗಿದೆ ಅಂತ ತೋರಿಸ್ದೆ, ಎಳ್ಕೊಂಡ್ ಬಂದ್ಬಿಟ್ಲು," ಎಂದ ಅಪ್ಪ ಮತ್ತೆ ಹೆಬ್ಬೆರಳೆತ್ತಿ ತೋರಿಸಿದರು.

ಸಿಗರ್ಡ್ ನಗಲಿಲ್ಲ. ಅವನಿಗೂ ಡೈವಿಂಗ್ ಕಲಿಸಿದ್ದು ಅಪ್ಪನೇ. ಹನ್ನೆರಡನೇ ವಯಸ್ಸಿನಲ್ಲಿ ನಾನು ಇದೇ ತಪ್ಪು ಮಾಡಿದಾಗ ಗೆಣ್ಣಿಗೆ ಹೊಡೆದಿದ್ದರು. "ಚೆನ್ನಾಗಿದ್ರೆ ಬೆರಳು ಮಡಿಸಿ ಸೊನ್ನೆ ಮಾಡು. ಹೆಬ್ಬೆರಳು ಎತ್ತೋರು ನೆಲದ ಮೇಲಿನ ಜನ."

ಚಳಿಗೆ ಬೆರಳು ಮರಗಟ್ಟಿರಬೇಕು ಎಂದುಕೊಂಡಿದ್ದೆ. ಆದರೆ ದೋಣಿಯಲ್ಲಿ ಅವರ ಕೈ ಬೆಚ್ಚಗಿತ್ತು. ಕಳೆದ ವಾರ ಅವರು ನಮ್ಮ ಬೀದಿಯ ಹೆಸರು ಮರೆತಾಗಲೂ ನಾನು ಏನೋ ಒಂದು ನೆಪ ಹುಡುಕಿದ್ದೆ.

ದಡದಲ್ಲಿ ಸಿಗರ್ಡ್ ಮೆಲ್ಲಗೆ, "ಇನ್ಮೇಲೆ ಅವರನ್ನ ಇಳಿಸಲ್ಲ ಕಣೇ. ನೀನೇ ಹೇಳ್ಬೇಕು," ಎಂದ.

ಊಟವಾದ ಮೇಲೆ ಅಪ್ಪನೇ ಕೇಳಿದರು: "ನಾಳೆ ಮತ್ತೆ ಇಳಿಯೋಣ್ವಾ?"

ನಾನು ಹೆಬ್ಬೆರಳೆತ್ತಿದೆ. ಅವರೇ ಕಲಿಸಿದ ಅರ್ಥದಲ್ಲಿ.

ಅಪ್ಪ ಖುಷಿಯಾಗಿ ಮಲಗಲು ಹೋದರು.